ಅಜ್ಜ ಕಲಿಸಿದ ಬುದ್ಧಿಬಳ ತಪ್ಪೇ? ಹಳೆಯ ಸೈನ್ಯ ಹೊಸ ನಿಯಮಕ್ಕೆ ಹೊಂದಿಕೊಂಡ ಕಥೆ

ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಸುತ್ತು ಹೊಡೆಯುವ ಸಂದೇಶವೊಂದಿದೆ. ಮಾತು ಬೇರೆ ಬೇರೆ ಇದ್ದರೂ ಸಾರ ಇಷ್ಟು: ಚದುರಂಗ ನಮ್ಮದು, ಬ್ರಿಟಿಷರು ಅದನ್ನು ಕದ್ದರು. ನಮ್ಮ ಮಂತ್ರಿಯನ್ನು ತೆಗೆದು ತಮ್ಮ ರಾಣಿಯನ್ನು ಕೂರಿಸಿದರು, ಆನೆಯನ್ನು ಓಡಿಸಿ ಚರ್ಚಿನ ಪಾದ್ರಿಯನ್ನು ತಂದು ನಿಲ್ಲಿಸಿದರು. ಈಗ ಶಾಲೆಯಲ್ಲಿ ಕಲಿಸುವ ಚೆಸ್ ಅವರು ಕೆಡಿಸಿದ ಆಟ, ನಮ್ಮ ಅಜ್ಜಂದಿರು ಆಡುತ್ತಿದ್ದುದೇ ಅಸಲಿ. ಕೊನೆಗೆ ಎಂದಿನಂತೆ, ಹತ್ತು ಜನರಿಗೆ ಕಳಿಸಿ.

ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಇಂಥ ಅರ್ಧ ನಿಜದ ಸಂದೇಶಗಳೇ ಹೆಚ್ಚು ದೂರ ಹೋಗುತ್ತವೆ. ಆದರೆ ನಾವು ಇದನ್ನು ಕೈಗೆತ್ತಿಕೊಂಡದ್ದು ಬರೀ ಇತಿಹಾಸ ತಿದ್ದುವುದಕ್ಕಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಊರುಗಳಲ್ಲಿ ಇಂದಿಗೂ ಮಕ್ಕಳು ಈ ಆಟವನ್ನು ಮನೆಯ ಹಿರಿಯರಿಂದಲೇ ಕಲಿಯುವುದುಂಟು. ಮರಾಠಿ ಮಾತಿನ ಮನೆಯಲ್ಲಿ ಅದು ಬುದ್ಧಿಬಳ. ಕಾಯಿಗಳು ರಾಜಾ, ವಜೀರ, ಹತ್ತಿ, ಉಂಟ, ಘೋಡಾ, ಪ್ಯಾದೆ. ಕನ್ನಡ ಮಾತಿನ ಮನೆಯಲ್ಲಿ ರಾಜ, ಮಂತ್ರಿ, ಆನೆ, ಒಂಟೆ, ಕುದುರೆ, ಕಾಲಾಳು. ಎಷ್ಟೋ ಮನೆಗಳಲ್ಲಿ ಎರಡೂ ಬೆರೆತಿರುತ್ತವೆ. ಅಜ್ಜನ ಹತ್ತಿರ ಕಲಿತು ಓಣಿಯಲ್ಲಿ ಎಲ್ಲರನ್ನೂ ಸೋಲಿಸಿದ ಹುಡುಗಿ ತಾಲ್ಲೂಕು ಮಟ್ಟದ ಆಟಕ್ಕೆ ಹೋಗುತ್ತಾಳೆ ಎಂದುಕೊಳ್ಳಿ. ಅಲ್ಲಿ ಎರಡನೇ ತಪ್ಪು ನಡೆಗೇ ಆಟ ಕಳೆದುಕೊಂಡು ಮನೆಗೆ ಬರುತ್ತಾಳೆ.

“ಅಜ್ಜಾ, ನೀ ಕಲಿಸಿದ ಆಟ ಅಲ್ಲಿ ನಡೆಯಂಗಿಲ್ಲಂತ.”

“ಯಾಕವಾ, ಯಾಕ ನಡೆಯಂಗಿಲ್ಲ? ನಮ್ಮಪ್ಪನೂ ಹಿಂಗ ಆಡ್ತಿದ್ದ.”

ಇಬ್ಬರದೂ ಸರಿ. ಆಕೆಗೆ ಬೇಕಾದದ್ದು ಹೊಸ ಆಟವಲ್ಲ. ಅದೇ ಸೈನ್ಯವನ್ನು ಹೊಸ ನಿಯಮಕ್ಕೆ ಹೊಂದಿಸುವ ನಾಲ್ಕಾರು ತಿದ್ದುಪಡಿಗಳು. ಅದಕ್ಕೆ ಮೊದಲು ಫಾರ್ವರ್ಡ್ ನೋಡೋಣ.

ಸೈನ್ಯ ನಮ್ಮದೇ

ಈ ಭಾಗ ನಿಜ. ಚತುರಂಗ ಎಂದರೆ ನಾಲ್ಕು ಅಂಗಗಳ ಸೇನೆ: ರಥ, ಗಜ, ಅಶ್ವ, ಪದಾತಿ. ಏಳನೇ ಶತಮಾನದ ಬಾಣಭಟ್ಟ ತನ್ನ ‘ಹರ್ಷಚರಿತ’ದಲ್ಲಿ, ಹರ್ಷನ ಆಳ್ವಿಕೆಯಲ್ಲಿ ಚತುರಂಗದ ವ್ಯೂಹಗಳು ಎಂಟು ಮನೆಯ ಅಷ್ಟಾಪದ ಹಾಸಿನ ಮೇಲಷ್ಟೇ ಉಳಿದಿದ್ದವು ಎಂಬರ್ಥದ ಚಮತ್ಕಾರದ ಮಾತು ಹೇಳುತ್ತಾನೆ. ದೇಶದಲ್ಲಿ ಯುದ್ಧವೇ ಇರಲಿಲ್ಲ ಎಂದು ಹೊಗಳುವ ಕವಿಯ ವರಸೆ ಅದು. (ಅದೇ ಹರ್ಷನನ್ನು ಬಾದಾಮಿಯ ಇಮ್ಮಡಿ ಪುಲಿಕೇಶಿ ತಡೆದು ನಿಲ್ಲಿಸಿದ ಎಂದು ಐಹೊಳೆಯ ಶಾಸನ ಹೇಳುತ್ತದೆ. ಬಾಣ ಆ ಯುದ್ಧದ ಮಾತೆತ್ತುವುದಿಲ್ಲ.) ರಾವಣನ ಹೆಂಡತಿ ಈ ಆಟ ಕಂಡುಹಿಡಿದಳು ಎಂಬ ಇನ್ನೊಂದು ಫಾರ್ವರ್ಡ್ ಬರುತ್ತದಲ್ಲ, ಅದು 1790ರಲ್ಲಿ ವಿಲಿಯಂ ಜೋನ್ಸ್ ಬರೆದ ಪ್ರಬಂಧದಲ್ಲೂ ಇದೆ. ಅಲ್ಲೂ ಅದು ದಂತಕಥೆಯಾಗಿಯೇ ಬರುತ್ತದೆ, ಪುರಾವೆಯಾಗಿ ಅಲ್ಲ.

ಇಲ್ಲಿಂದ ಆಟ ಪರ್ಷಿಯಾಕ್ಕೆ ಹೋಗಿ ಚತ್ರಂಗ್ ಆಯಿತು, ಅರಬರ ಬಾಯಲ್ಲಿ ಶತ್ರಂಜ್ ಆಯಿತು, ಅವರ ಜೊತೆ ಸ್ಪೇನ್, ಇಟಲಿಗಳನ್ನು ಮುಟ್ಟಿತು. ಆ ಹಳೆಯ ಆಟದಲ್ಲಿ ರಾಜನ ಪಕ್ಕದ ಮಂತ್ರಿ ಬಲು ಬಡಪಾಯಿ: ಓರೆಯಾಗಿ ಒಂದೇ ಒಂದು ಮನೆ ನಡೆಯುತ್ತಿದ್ದ. ಅವನ ಪಕ್ಕದ ಆನೆ ಓರೆಯಾಗಿ ಸರಿಯಾಗಿ ಎರಡನೇ ಮನೆಗೆ ನೆಗೆಯುತ್ತಿತ್ತು, ನಡುವೆ ಕಾಯಿ ಇದ್ದರೂ ಸರಿ. ಮೂಲೆಯ ರಥ ಮತ್ತು ಕುದುರೆ ಮಾತ್ರ ಅಂದಿಗೂ ಇಂದಿಗೂ ಒಂದೇ ತೆರನಾಗಿ ನಡೆಯುತ್ತಿವೆ. ಸಾವಿರದ ಮುನ್ನೂರು ವರ್ಷದ ಹಿಂದಿನ ಆಟಗಾರನೊಬ್ಬ ಇಂದು ನಿಮ್ಮೆದುರು ಕುಳಿತರೆ ಕುದುರೆಯನ್ನು ನಿಮ್ಮಂತೆಯೇ ಎರಡೂವರೆ ಮನೆ ಕುಣಿಸುತ್ತಿದ್ದ.

ಮಂತ್ರಿಯನ್ನು ರಾಣಿ ಮಾಡಿದವರು ಯಾರು?

ಬ್ರಿಟಿಷರಲ್ಲ. ತಾರೀಖು ನೋಡಿದರೆ ಸಾಕು. ಯುರೋಪಿನಲ್ಲಿ ಈ ಕಾಯಿಗೆ ರಾಣಿ ಎಂಬ ಹೆಸರು ಕ್ರಿ.ಶ. 1000ದ ಆಸುಪಾಸಿನ ಲ್ಯಾಟಿನ್ ಪದ್ಯವೊಂದರಲ್ಲೇ ಸಿಗುತ್ತದೆ. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ. ಹೆಸರು ರಾಣಿಯಾದ ಮೇಲೂ ಸುಮಾರು ಐನೂರು ವರ್ಷ ಆ ಕಾಯಿ ಹಳೆಯ ಮಂತ್ರಿಯಂತೆ ಬಹುಮಟ್ಟಿಗೆ ಒಂದೊಂದೇ ಮನೆ ಸರಿಯುತ್ತಿತ್ತು.

ಅದಕ್ಕೆ ಇಂದಿನ ಬಲ ಬಂದದ್ದು 15ನೇ ಶತಮಾನದ ಕೊನೆಗೆ, ಸ್ಪೇನ್ ಮತ್ತು ಇಟಲಿ ಕಡೆ. 1475ರ ಸುಮಾರಿಗೆ ವಲೆನ್ಸಿಯಾದಲ್ಲಿ ರಚನೆಯಾದ ಪದ್ಯವೊಂದು ಹೊಸ ನಿಯಮದ ಆಟವನ್ನು ನಡೆ ನಡೆಯಾಗಿ ವಿವರಿಸುತ್ತದೆ. 1497ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ ಲುಸೆನಾ ಎಂಬಾತ ಅಚ್ಚು ಹಾಕಿಸಿದ ಪುಸ್ತಕ ಇನ್ನೂ ಸ್ವಾರಸ್ಯದ್ದು. ಅದರಲ್ಲಿ ಹಳೆಯ ನಿಯಮದ ಸಮಸ್ಯೆಗಳೂ ಹೊಸ ನಿಯಮದ ಸಮಸ್ಯೆಗಳೂ ಒಟ್ಟಿಗೇ ಇವೆ. ಅಂದರೆ ಅಲ್ಲಿನ ಮನೆಗಳಲ್ಲೂ ಅಜ್ಜ ಒಂದು ಬಗೆ, ಮೊಮ್ಮಗ ಒಂದು ಬಗೆ ಆಡುತ್ತಿದ್ದ ಕಾಲ ಅದು. ಪುಸ್ತಕ ಬಂದ ಮರುವರ್ಷ, 1498ರಲ್ಲಿ, ವಾಸ್ಕೋ ಡ ಗಾಮಾ ಕೋಳಿಕ್ಕೋಡಿಗೆ ಬಂದ. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ರಲ್ಲಿ. ಕಳ್ಳತನ ನಡೆಯಿತು ಎನ್ನುವ ಹೊತ್ತಿಗೆ ಕಳ್ಳ ಇನ್ನೂ ಮನೆಯಿಂದ ಹೊರಟಿರಲಿಲ್ಲ.

ಪಾದ್ರಿಯ ವಿಷಯವೂ ಹಾಗೆಯೇ. ಅರಬರು ಆನೆಗೆ ‘ಅಲ್ ಫೀಲ್’ ಎನ್ನುತ್ತಿದ್ದರು. ಸ್ಪೇನಿನವರು ಆ ಕಾಯಿಗೆ ಇವತ್ತಿಗೂ ‘ಆಲ್ಫಿಲ್’ ಎನ್ನುತ್ತಾರೆ. ರಷ್ಯನ್ನರು ‘ಸ್ಲೋನ್’ ಎನ್ನುತ್ತಾರೆ, ಆ ಭಾಷೆಯಲ್ಲಿ ಹಾಗೆಂದರೆ ಆನೆಯೇ. ಫ್ರೆಂಚರಿಗೆ ಅದು ವಿದೂಷಕ. ಪಾದ್ರಿ ಎಂದದ್ದು ಇಂಗ್ಲಿಷರು ಮತ್ತು ಅವರಂಥ ಕೆಲವರು. ತಮಾಷೆ ಏನೆಂದರೆ, ಯುರೋಪಿನ ಕೆಲವರು ಆ ಜಾಗದಲ್ಲಿ ಆನೆಯನ್ನೇ ಉಳಿಸಿಕೊಂಡರು. ನಾವೇ ಆನೆಯನ್ನು ಎಬ್ಬಿಸಿ ಮೂಲೆಗೆ ಕಳಿಸಿ, ಅಲ್ಲಿ ಒಂಟೆಯನ್ನು ಕಟ್ಟಿದೆವು. ಮೂಲೆಯಲ್ಲಿದ್ದ ರಥ ಬಂಗಾಳಕ್ಕೆ ಹೋಗಿ ದೋಣಿಯಾಯಿತು. ಕಾಯಿಗಳ ಹೆಸರು ಊರು ಬದಲಾದಂತೆ ಬದಲಾಗುತ್ತದೆ, ಅದರ ಹಿಂದೆ ಯಾರ ಪಿತೂರಿಯೂ ಬೇಕಿಲ್ಲ.

ಹಾಗಾದರೆ ಅಜ್ಜನ ಆಟ ಯಾವುದು?

ಫಾರ್ವರ್ಡ್ ಮುಟ್ಟಿಯೂ ತಪ್ಪಿಸಿಕೊಂಡ ನಿಜ ಇಲ್ಲಿದೆ. ಅಜ್ಜನ ಆಟ ಬಾಣಭಟ್ಟನ ಕಾಲದ ಆಟವೂ ಅಲ್ಲ, ಇಂದಿನ ಚೆಸ್ಸೂ ಅಲ್ಲ. ಅವರ ಮಂತ್ರಿ ಎಂಟೂ ದಿಕ್ಕಿಗೆ ಓಡುತ್ತಾನೆ, ಒಂಟೆ ಓರೆಯಾಗಿ ಎಷ್ಟು ದೂರವಾದರೂ ಹೋಗುತ್ತದೆ. ಅಂದರೆ ಬಲ ಹೊಸದು. ಆದರೆ ಪ್ಯಾದೆ, ರಾಜ, ಬಡ್ತಿ, ಸೋಲು-ಗೆಲುವಿನ ಲೆಕ್ಕ ಬೇರೆ. ಇದು ನಮ್ಮ ದೇಶದಲ್ಲೇ ಬೆಳೆದ ಮೂರನೇ ಬಗೆ, ಊರಿಂದೂರಿಗೆ ಸಣ್ಣ ಸಣ್ಣ ವ್ಯತ್ಯಾಸ ಇಟ್ಟುಕೊಂಡೇ ಇಪ್ಪತ್ತನೇ ಶತಮಾನದವರೆಗೂ ಜೋರಾಗಿ ನಡೆದದ್ದು.

ಇದನ್ನು ಯುರೋಪಿನ ಕ್ರಮದ ಜೊತೆ ಹೊಂದಿಸುವ ಕೆಲಸವನ್ನೂ ಮೊದಲು ಕೈಗೆತ್ತಿಕೊಂಡವರಲ್ಲಿ ನಮ್ಮವರಿದ್ದಾರೆ. ತ್ರಿವೇಂಗಡಾಚಾರ್ಯ ಶಾಸ್ತ್ರಿಗಳು ಸಂಸ್ಕೃತದಲ್ಲಿ ಬರೆದ ಚದುರಂಗದ ಗ್ರಂಥ 1814ರಲ್ಲಿ ಮುಂಬಯಿಯಲ್ಲಿ ಇಂಗ್ಲಿಷಿಗೆ ಬಂತು. ಯುರೋಪಿನ ಆಟದ ಕ್ರಮಕ್ಕೆ ಹೊಂದಿಸಿದ್ದು ಎಂದು ಅದರ ಶೀರ್ಷಿಕೆಯಲ್ಲೇ ಇದೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಾಸಿನ ಆಟಗಳಲ್ಲಿ ಮುಳುಗಿದ್ದವರು. ಕುದುರೆಯೊಂದು 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಬಂಧಗಳನ್ನು ಅವರು ರಚಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯ ಕೌತುಕನಿಧಿ ಇಂಥ ಆಟಗಳಿಗೇ ಮೀಸಲು.

ನಿಯಮ ಬದಲಾಗುವುದು ಈ ಆಟದ ಹುಟ್ಟುಗುಣ ಎನ್ನಬೇಕು. 1780ರಲ್ಲಿ ಹೆಲ್‌ವಿಗ್ ಎಂಬ ಜರ್ಮನ್ ಇದೇ ಚದುರಂಗವನ್ನು ಹಿಗ್ಗಿಸಿ, ಮನೆಗಳ ಸಂಖ್ಯೆ ಏರಿಸಿ, ತೋಪು-ಫಿರಂಗಿ ಸೇರಿಸಿ ಮೇಜಿನ ಮೇಲಿನ ಯುದ್ಧದಾಟ ಮಾಡಿದ. 1824ರಲ್ಲಿ ಅಂಥದೇ ಇನ್ನೊಂದು ಆಟವನ್ನು ಪ್ರಷ್ಯದ ಸೈನ್ಯ ಅಧಿಕಾರಿಗಳ ತರಬೇತಿಗೇ ಬಳಸಿತು. ಇಂದು ದೊಡ್ಡ ಪಟ್ಟಣಗಳ ಹುಡುಗರು ಪುಟ್ಟ ಪುಟ್ಟ ಸೈನಿಕರಿಗೆ ಬಣ್ಣ ಬಳಿದು ಆಡುವ ವಾರ್‌ಹ್ಯಾಮರ್ ಅದೇ ವಂಶದ್ದು. ಅಲ್ಲಿ ಕೆಲವೇ ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ, ಹಳೆಯ ಸೈನ್ಯ ಇದ್ದವರು ತಲೆ ಚಚ್ಚಿಕೊಳ್ಳುತ್ತಾರೆ: ಗೊಂಬೆ ಅದೇ, ಬಲ ಬೇರೆ. ರಾಯಬಾಗದ ಅಜ್ಜನದೂ ಇದೇ ತಲೆನೋವು, ಕಂಪನಿ ಮಾತ್ರ ಇಲ್ಲ.

ಏನೇನು ತಿದ್ದಬೇಕು?

ಮೊದಲು ಹಾಸು ಮತ್ತು ಜೋಡಣೆ. ಹಳೆಯ ಬಟ್ಟೆಯ ಹಾಸುಗಳಲ್ಲಿ ಕಪ್ಪು-ಬಿಳುಪು ಮನೆಗಳೇ ಇರುತ್ತಿರಲಿಲ್ಲ, ಹಾಗಾಗಿ ಹಾಸನ್ನು ಯಾವ ಕಡೆ ತಿರುಗಿಸಿದರೂ ನಡೆಯುತ್ತಿತ್ತು. ಈಗ ನಿಮ್ಮ ಬಲಗೈ ಕಡೆಯ ಮೂಲೆಯಲ್ಲಿ ಬಿಳಿ ಮನೆ ಇರಬೇಕು. ಮಂತ್ರಿ ತನ್ನ ಬಣ್ಣದ ಮನೆಯಲ್ಲಿ: ಬಿಳಿ ಮಂತ್ರಿ ಬಿಳಿ ಮನೆ, ಕಪ್ಪು ಮಂತ್ರಿ ಕಪ್ಪು ಮನೆ. ಹೀಗಿಟ್ಟರೆ ರಾಜನೆದುರು ರಾಜ ಬರುತ್ತಾನೆ. ನಮ್ಮ ಹಳೆಯ ಕ್ರಮದಲ್ಲಿ ಅನೇಕ ಕಡೆ ರಾಜನೆದುರು ಮಂತ್ರಿ ಬರುತ್ತಿದ್ದ. ಹಾಗೆ ಇಟ್ಟು ಕಲಿತವರಿಗೆ ಹೊಸ ಜೋಡಣೆ ಕನ್ನಡಿಯಲ್ಲಿ ನೋಡಿದಂತೆ ತಿರುವುಮುರುವು ಎನಿಸುತ್ತದೆ. ನಾಲ್ಕು ದಿನ ಬೇಕು, ಅಷ್ಟೆ.

ಎರಡನೆಯದು ಪ್ಯಾದೆ, ಮತ್ತು ಬದಲಾವಣೆಯ ತಿರುಳೆಲ್ಲ ಇಲ್ಲೇ ಇದೆ. ದೇಸಿ ಆಟದಲ್ಲಿ ಪ್ಯಾದೆ ಮೊದಲ ನಡೆಯಲ್ಲೂ ಒಂದೇ ಮನೆ. ಕೆಲವು ಮನೆಗಳಲ್ಲಿ ಆರಂಭಕ್ಕೆ ಎರಡು ಪ್ಯಾದೆಗಳನ್ನು ಒಂದೊಂದು ಮನೆ ಸರಿಸುವ ರೂಢಿ ಇದೆ. ಇದನ್ನು ಟೂರ್ನಿಯಲ್ಲಿ ಮಾಡಿದರೆ ನೇರವಾಗಿ ತಪ್ಪು ನಡೆ. ಹೊಸ ನಿಯಮದಲ್ಲಿ ಒಂದು ಸರದಿಗೆ ಒಂದೇ ಪ್ಯಾದೆ. ಅದು ಹುಟ್ಟಿದ ಮನೆಯಲ್ಲೇ ಇದ್ದರೆ ಒಂದು ಅಥವಾ ಎರಡು ಮನೆ ಹೋಗಬಹುದು.

ಒಂದು ಮನೆಯ ವ್ಯತ್ಯಾಸವಲ್ಲವೇ ಎನ್ನಬೇಡಿ. ಪಟ ಹಾಕಿ ನೋಡಿ. ಹೊಸ ನಿಯಮದಲ್ಲಿ ಬಿಳಿಯ ರಾಜನ ಪ್ಯಾದೆ ಎರಡು ಮನೆ, ಕಪ್ಪು ಮಂತ್ರಿಯ ಪ್ಯಾದೆ ಎರಡು ಮನೆ ಮುಂದೆ ಬಂದರೆ, ಎರಡನೇ ನಡೆಯಲ್ಲೇ ಮೊದಲ ಹೊಡೆತ. ಅದೇ ಪ್ಯಾದೆಗಳು ದೇಸಿ ನಿಯಮದಲ್ಲಿ ಎದುರಾಗಲು ಎರಡೆರಡು ನಡೆ ಬೇಕು, ಹೊಡೆತ ಮೂರನೆಯದರಲ್ಲಿ. ದೇಸಿ ಆಟದಲ್ಲಿ ಕೋಟೆಯ ಗೋಡೆ ಎಬ್ಬಿಸಿ, ಹಿಂದೆ ಆನೆ-ಕುದುರೆಗಳನ್ನು ನಿಧಾನಕ್ಕೆ ನಿಲ್ಲಿಸಿಕೊಳ್ಳಲು ಸಮಯ ಸಿಗುತ್ತಿತ್ತು. ಹೊಸ ಆಟದಲ್ಲಿ ಸಮಯವಿಲ್ಲ, ನಡುವಿನ ನಾಲ್ಕು ಮನೆಗಳಿಗೆ ಮೊದಲ ನಡೆಯಿಂದಲೇ ಜಗಳ. ಅಜ್ಜನ ಶಿಷ್ಯರು ಟೂರ್ನಿಯಲ್ಲಿ ಹದಿನೈದನೇ ನಡೆಯೊಳಗೆ ಸೋತು ಬಂದರೆ ಅದಕ್ಕೆ ಬುದ್ಧಿ ಕಡಿಮೆ ಎಂಬ ಕಾರಣ ಹುಡುಕಬೇಡಿ. ಅವರ ಗಡಿಯಾರ ಬೇರೆ.

ಎರಡು ಮನೆಯ ಜಿಗಿತ ಕೊಟ್ಟ ಮೇಲೆ ಒಂದು ತೊಡಕು ಬಂತು. ಎದುರಾಳಿಯ ಪ್ಯಾದೆ ಕಾಯುತ್ತಿದ್ದ ಮನೆಯನ್ನು ಹಾರಿ ಪಕ್ಕಕ್ಕೆ ಬಂದು ನಿಂತರೆ ತಪ್ಪಿಸಿಕೊಂಡ ಹಾಗಾಯಿತಲ್ಲ? ಅದಕ್ಕಾಗಿಯೇ ‘ಆನ್ ಪಾಸಾಂ’ ಎಂಬ ನಿಯಮ. ಹಾಗೆ ಹಾರಿ ಪಕ್ಕಕ್ಕೆ ಬಂದ ಪ್ಯಾದೆಯನ್ನು, ಅದು ಒಂದೇ ಮನೆ ನಡೆದಿತ್ತೋ ಎಂಬಂತೆ ಹೊಡೆಯಬಹುದು, ಆದರೆ ಆ ಮರುನಡೆಯಲ್ಲಿ ಮಾತ್ರ. ಮೊಬೈಲಿನಲ್ಲಿ ಚೆಸ್ ಆಡುವವರು ಆ್ಯಪ್ ಕೆಟ್ಟಿದೆ ಎಂದು ಬೈಯುವುದು ಹೆಚ್ಚಾಗಿ ಈ ನಡೆಗೇ. ಆ್ಯಪ್ ಕೆಟ್ಟಿಲ್ಲ. ಬೇಕಿದ್ದರೆ ಸಮಾಧಾನ ಮಾಡಿಕೊಳ್ಳಿ: ಇಟಲಿಯವರು 19ನೇ ಶತಮಾನದ ಬಹುಭಾಗ ಈ ನಿಯಮವನ್ನು ಒಪ್ಪಿರಲಿಲ್ಲ.

ಮೂರನೆಯದು ರಾಜನ ರಕ್ಷಣೆ. ದೇಸಿ ಆಟದಲ್ಲಿ ರಾಜ ಆಟಕ್ಕೊಮ್ಮೆ ಕುದುರೆಯಂತೆ ನೆಗೆಯಬಹುದು, ಆದರೆ ಅಲ್ಲಿಯವರೆಗೆ ಅವನಿಗೆ ಶಹ ಬಿದ್ದಿರಬಾರದು. ಹೊಸದರಲ್ಲಿ ಈ ನೆಗೆತ ಇಲ್ಲ; ಬದಲಿಗೆ ಕ್ಯಾಸ್ಲಿಂಗ್. ರಾಜ ಆನೆಯ ಕಡೆ ಎರಡು ಮನೆ ಸರಿಯುತ್ತಾನೆ, ಆನೆ ಅವನನ್ನು ದಾಟಿ ಆಚೆ ಪಕ್ಕದಲ್ಲಿ ಕೂರುತ್ತದೆ. ರಾಜ, ಆ ಆನೆ ಎರಡೂ ಅದುವರೆಗೆ ಅಲುಗಿರಬಾರದು, ನಡುವೆ ಕಾಯಿ ಇರಬಾರದು. ರಾಜ ಆಗ ಶಹದಲ್ಲಿರಬಾರದು, ಹಾದುಹೋಗುವ ಮನೆಯ ಮೇಲಾಗಲಿ ಕೂರುವ ಮನೆಯ ಮೇಲಾಗಲಿ ಶತ್ರುವಿನ ಕಣ್ಣಿರಬಾರದು.

ನಮ್ಮಲ್ಲಿ ಬಹಳ ಜನ ನಂಬಿರುವ ತಪ್ಪೊಂದು ಇಲ್ಲಿದೆ: ಒಮ್ಮೆ ಶಹ ಬಿದ್ದರೆ ಮುಂದೆಂದೂ ಕ್ಯಾಸ್ಲಿಂಗ್ ಇಲ್ಲ ಎಂಬುದು. ಹಾಗಿಲ್ಲ. ಶಹ ಬಿದ್ದಾಗ ರಾಜನನ್ನು ಅಲುಗಿಸದೆ ನಡುವೆ ಕಾಯಿ ತಂದು ತಡೆದಿದ್ದರೆ, ಅಥವಾ ಶಹ ಕೊಟ್ಟ ಕಾಯಿಯನ್ನೇ ಬೇರೆ ಕಾಯಿಯಿಂದ ಹೊಡೆದಿದ್ದರೆ, ಮುಂದೆ ಕ್ಯಾಸ್ಲಿಂಗ್ ಮಾಡಬಹುದು. ಈ ತಪ್ಪು ದೇಸಿ ಆಟದ ನೆಗೆತದ ಶರತ್ತಿನಂತೆಯೇ ಇದೆ ನೋಡಿ. ಹಳೆಯ ನಿಯಮ ಹೊಸ ನಿಯಮದೊಳಗೆ ಬಂದು ಸೇರಿಕೊಂಡಿದೆ ಎಂದೇ ನಮಗನ್ನಿಸುತ್ತದೆ. ಇನ್ನೊಂದು: ಕ್ಯಾಸ್ಲಿಂಗ್ ಮಾಡುವಾಗ ಮೊದಲು ರಾಜನನ್ನು ಮುಟ್ಟಬೇಕು, ಒಂದೇ ಕೈ ಬಳಸಬೇಕು. ಆನೆಯನ್ನು ಮೊದಲು ಮುಟ್ಟಿದರೆ, ಮುಟ್ಟಿದ ಕಾಯಿ ನಡೆಸಬೇಕೆಂಬ ನಿಯಮದಂತೆ ಆನೆಯನ್ನೇ ನಡೆಸಬೇಕಾಗುತ್ತದೆ.

ಬಡ್ತಿಯ ಲೆಕ್ಕ

ಪ್ಯಾದೆ ಆಚೆ ದಡ ಮುಟ್ಟಿದಾಗ ಏನಾಗುತ್ತದೆ ಎಂಬುದರಲ್ಲಿ ಎರಡು ಆಟಗಳ ಸ್ವಭಾವವೇ ಬೇರೆಯಾಗುತ್ತದೆ. ದೇಸಿ ಕ್ರಮದಲ್ಲಿ ಪ್ಯಾದೆ ಯಾರ ನೇರ ಸಾಲಿನಲ್ಲಿ ಮುಟ್ಟಿತೋ ಅವರಾಗುತ್ತದೆ. ಆನೆಯ ಸಾಲಾದರೆ ಆನೆ, ಕುದುರೆಯ ಸಾಲಾದರೆ ಕುದುರೆ; ರಾಜನ ಸಾಲಾದರೆ ಮಂತ್ರಿ. ಅನೇಕ ಕಡೆ ಆ ಕಾಯಿ ಮೊದಲೇ ಸತ್ತಿರಬೇಕು, ಸತ್ತದ್ದನ್ನು ಎಬ್ಬಿಸುವುದೇ ಬಡ್ತಿ. ಹೊಸ ನಿಯಮದಲ್ಲಿ ಯಾವ ಸಾಲಿನಲ್ಲಾದರೂ ಮಂತ್ರಿ, ಆನೆ, ಒಂಟೆ, ಕುದುರೆ ಇವುಗಳಲ್ಲಿ ಬೇಕಾದದ್ದನ್ನು ಕೇಳಬಹುದು, ಸತ್ತಿರಬೇಕಿಲ್ಲ. ಹಾಸಿನ ಮೇಲೆ ಇಬ್ಬರು ಮೂವರು ಮಂತ್ರಿಗಳು ಇರಬಹುದು.

ಇದರಿಂದ ಕೊನೆಯಾಟ ಹೇಗೆ ತಿರುಗುತ್ತದೆ ನೋಡಿ. ನಿಮ್ಮ ಹತ್ತಿರ ರಾಜ ಮತ್ತು ಒಂದೇ ಪ್ಯಾದೆ, ಎದುರಾಳಿಯ ಹತ್ತಿರ ರಾಜ ಮಾತ್ರ. ಪ್ಯಾದೆ ಕುದುರೆಯ ಸಾಲಿನಲ್ಲಿ ದಡ ಮುಟ್ಟಿತು. ದೇಸಿಯಲ್ಲಿ ಅದು ಕುದುರೆಯಾಯಿತು. ಒಂದು ಕುದುರೆ ಮತ್ತು ರಾಜ ಸೇರಿ ಒಂಟಿ ರಾಜನನ್ನು ಮಾತ್ ಮಾಡುವುದು ಸಾಧ್ಯವೇ ಇಲ್ಲ. ಒಂಟೆಯ ಸಾಲಿನದೂ ಅದೇ ಗತಿ. ಎಂಟು ಸಾಲುಗಳಲ್ಲಿ ನಾಲ್ಕರಲ್ಲಿ ಇಂಥ ಕೊನೆಯ ಪ್ಯಾದೆ ಮಾತ್‌ಗೆ ಉಪಯೋಗಕ್ಕಿಲ್ಲ. ಹೊಸದರಲ್ಲಿ ಅದೇ ಪ್ಯಾದೆ ಮಂತ್ರಿಯಾಗಿ ಗೆಲ್ಲಿಸುತ್ತದೆ. ಆದ್ದರಿಂದ ಅಜ್ಜ ಕುದುರೆಯ ಮುಂದಿನ ಪ್ಯಾದೆಯನ್ನು ಅಗ್ಗಕ್ಕೆ ಬಿಟ್ಟುಕೊಟ್ಟರೆ ಅವರ ನಿಯಮದಲ್ಲಿ ಅದು ಜಾಣತನ, ಹೊಸ ನಿಯಮದಲ್ಲಿ ಅದೇ ಸೋಲಿಗೆ ದಾರಿ.

ಮನೆಯಲ್ಲಿ ಎರಡನೇ ಮಂತ್ರಿ ಬೇಕಾದಾಗ ಆನೆಯನ್ನು ತಲೆಕೆಳಗಾಗಿ ನಿಲ್ಲಿಸುತ್ತೇವಲ್ಲ? ಟೂರ್ನಿಯಲ್ಲಿ ಬೇಡ. 2017ರ ಕೆನಡಾ ಚಾಂಪಿಯನ್‌ಷಿಪ್ಪಿನ ನಿರ್ಣಾಯಕ ಆಟದಲ್ಲಿ ಒಬ್ಬ ಆಟಗಾರ, ಮಂತ್ರಿಯ ಕಾಯಿ ಕೈಗೆ ಸಿಗದೆ, ಹೀಗೆ ಆನೆಯನ್ನು ಮಗುಚಿಟ್ಟು ಮಂತ್ರಿ ಎಂದ. ತೀರ್ಪುಗಾರರು ಅದು ಆನೆಯೇ ಎಂದರು. ಅವನು ಸೋತ. ಕಾಯಿ ಸಿಗದಿದ್ದರೆ ಗಡಿಯಾರ ನಿಲ್ಲಿಸಿ ತೀರ್ಪುಗಾರರನ್ನು ಕರೆಯುವುದು ನಿಮ್ಮ ಹಕ್ಕು. ಪ್ಯಾದೆಯನ್ನೇ ಕೊನೆಯ ಮನೆಯಲ್ಲಿ ಬಿಟ್ಟು ಗಡಿಯಾರ ಒತ್ತಿದರೂ ಅದು ತಪ್ಪು ನಡೆ.

ಇನ್ನುಳಿದದ್ದು ಬೇಗ ಹೇಳಿಬಿಡಬಹುದು. ಶಹ ಇಲ್ಲದೆಯೂ ಆಡಲು ಒಂದೂ ನಡೆ ಉಳಿಯದಿದ್ದರೆ ಅದು ಸ್ಟೇಲ್‌ಮೇಟ್, ಡ್ರಾ, ಅರ್ಧ ಅಂಕ. ನಮ್ಮಲ್ಲಿ ಕೆಲವೆಡೆ ಹಾಗೆ ಕಟ್ಟಿಹಾಕುವುದಕ್ಕೇ ಬಿಡುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಸುಮಾರು 1800ರ ತನಕ ಕಟ್ಟಿಹಾಕಿದವನೇ ಸೋತಂತೆ! ಎದುರಾಳಿಯ ರಾಜ ಒಂಟಿಯಾದ ಮೇಲೆ ಹದಿನಾರೋ ಇಪ್ಪತ್ತೊಂದೋ ನಡೆಯಲ್ಲಿ ಮಾತ್ ಮಾಡಬೇಕು ಎಂಬ ಮನೆಗೊಂದು ಲೆಕ್ಕವೂ ಅಲ್ಲಿ ಇಲ್ಲ. ಪ್ಯಾದೆ ನಡೆಯದೆ, ಕಾಯಿ ಬೀಳದೆ ಇಬ್ಬರೂ 50 ನಡೆ ಮುಗಿಸಿದರೆ ಡ್ರಾ ಕೇಳಬಹುದು.

ಫಿಡೆ ನಿಯಮದಂತೆ ಮೊದಲ ತಪ್ಪು ನಡೆಗೆ ಎದುರಾಳಿಗೆ ಹೆಚ್ಚುವರಿ ಸಮಯ ಸಿಗುತ್ತದೆ, ಎರಡನೆಯದಕ್ಕೆ ಸಾಮಾನ್ಯವಾಗಿ ಆಟವೇ ಹೋಗುತ್ತದೆ. ನಮ್ಮ ಹುಡುಗಿ ಸೋತದ್ದು ಹೀಗೆ: ಒಂದು ರಾಜನ ನೆಗೆತ, ಒಂದು ಜೋಡಿ ಪ್ಯಾದೆ.

ಈ ದಾರಿ ದಾಟಿದವರು

ದೇಸಿ ಆಟದಿಂದ ಹೊಸ ಆಟಕ್ಕೆ ಬಂದು ಯಾರಾದರೂ ಮೇಲೇರಿದ್ದಾರೆಯೇ ಎಂದರೆ, ಮೀರ್ ಸುಲ್ತಾನ್ ಖಾನ್. ಈಗ ಪಾಕಿಸ್ತಾನದಲ್ಲಿರುವ ಪಂಜಾಬಿನ ಮಿಠಾ ತಿವಾನಾದವರು, ತಂದೆಯಿಂದ ದೇಸಿ ಆಟ ಕಲಿತವರು. ಸರ್ ಉಮರ್ ಹಯಾತ್ ಖಾನ್ ಎಂಬ ಜಮೀನ್ದಾರರ ಆಶ್ರಯದಲ್ಲಿ ಹೊಸ ನಿಯಮ ಕಲಿತು 1928ರಲ್ಲಿ ಅಖಿಲ ಭಾರತ ಚಾಂಪಿಯನ್ ಆದರು. 1929ರಲ್ಲಿ ಲಂಡನ್ನಿಗೆ ಹೋದಾಗ ಅವರ ತೊಂದರೆ ನಮ್ಮ ಹುಡುಗಿಯದೇ: ಆರಂಭದ ನಡೆಗಳು ಗೊತ್ತಿರಲಿಲ್ಲ. ಮೊದಲ ಪಂದ್ಯಾವಳಿ ಚೆನ್ನಾಗಿ ಆಗಲಿಲ್ಲ. ವಿಂಟರ್ ಮತ್ತು ಯೇಟ್ಸ್ ಎಂಬಿಬ್ಬರು ಆಟಗಾರರು ಆರಂಭದ ಪಾಠ ಹೇಳಿದರು. ಅದೇ ವರ್ಷ ಅವರು ಬ್ರಿಟಿಷ್ ಚಾಂಪಿಯನ್. 1932, 1933ರಲ್ಲಿ ಮತ್ತೆರಡು ಸಲ. 1930–31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾರನ್ನೇ ಸೋಲಿಸಿದರು. ತಾಳ್ಮೆಯ ನಡುವಾಟ, ಗಟ್ಟಿ ಕೊನೆಯಾಟ ಅವರ ಬಲ. ನಿಧಾನದ ಆಟದಲ್ಲಿ ಬೆಳೆದವರಲ್ಲಿ ಇದು ಅಚ್ಚರಿಯಲ್ಲ. ಅದೇ ಮನೆತನದ ಆಶ್ರಯದಲ್ಲಿದ್ದ ಮಿಸ್ ಫಾತಿಮಾ 1933ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದರು.

ಸುಲ್ತಾನ್ ಖಾನ್ ಭಾರತಕ್ಕೆ ಮರಳಿದ ಮೇಲೆ 1935ರಲ್ಲಿ ವಿ. ಕೆ. ಖಾಡಿಲ್ಕರ್ ಅವರೊಡನೆ ಹತ್ತು ಆಟ ಆಡಿ ಒಂದನ್ನಷ್ಟೇ ಡ್ರಾಕ್ಕೆ ಬಿಟ್ಟುಕೊಟ್ಟರು. 1966ರಲ್ಲಿ ತೀರಿಕೊಂಡರು. ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ! ಅವರ ಬಗ್ಗೆಯೂ ಒಂದು ಫಾರ್ವರ್ಡ್ ಇದೆ, ಅಕ್ಷರ ಬಾರದ ಆಳು ಜಗತ್ತನ್ನು ಗೆದ್ದ ಎಂದು. ಅವರು ಆಳೂ ಅಲ್ಲ, ಅನಕ್ಷರಸ್ಥರೂ ಅಲ್ಲ ಎಂದು ಕುಟುಂಬದವರು ಬರೆದಿದ್ದಾರೆ. ಆ ಸಾಲು ತೆಗೆದು ಹಂಚಿದರೂ ಕಥೆ ಸೊರಗುವುದಿಲ್ಲ.

ನಮ್ಮ ಗಡಿಭಾಗದವರಿಗೆ ಇನ್ನೂ ಹತ್ತಿರದ ಮಾದರಿ ಇದೆ. ಕಾಗವಾಡ ದಾಟಿದರೆ ಮಿರಜ, ಅದರ ಮಗ್ಗುಲಲ್ಲೇ ಸಾಂಗಲಿ. ಅಲ್ಲಿ ಭಾವುಸಾಹೇಬ ಪಡಸಲಗೀಕರ ಅವರು 1941ರಲ್ಲಿ ನೂತನ ಬುದ್ಧಿಬಳ ಮಂಡಳ ಕಟ್ಟಿದರು. ಅಖಿಲ ಭಾರತ ಚೆಸ್ ಫೆಡರೇಷನ್ ಹುಟ್ಟಿದ್ದೇ 1951ರಲ್ಲಿ, ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದು 1955ರಲ್ಲಿ, ಏಲೂರಿನಲ್ಲಿ. ಅದಕ್ಕೂ ಮೊದಲೇ ಗಡಿಯಾಚೆಯ ಈ ಊರಿನಲ್ಲಿ ಮಂಡಳ ಇತ್ತು. ಮುಂದೆ ಭಾಗ್ಯಶ್ರೀ ಸಾಠೆ-ಠಿಪ್ಸೆ, ಸ್ವಾತಿ ಘಾಟೆ ಅವರಂಥ ರಾಷ್ಟ್ರೀಯ ಚಾಂಪಿಯನ್ನರು ಸಾಂಗಲಿಯಿಂದ ಬಂದರು. ಮಹಿಳೆಯರ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, 1974ರಲ್ಲಿ. ಗೆದ್ದವರು ವಾಸಂತಿ ಖಾಡಿಲ್ಕರ್. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ಎಂ. ಎಸ್. ತೇಜ್‌ಕುಮಾರ್.

ಅಜ್ಜನ ಮರದ ಕಾಯಿಗಳನ್ನು ಟೂರ್ನಿಗೆ ಒಯ್ಯಬಹುದೇ ಎಂದರೆ, ಆಗದು. ಅಲ್ಲಿ 1849ರಿಂದ ಬಳಕೆಗೆ ಬಂದ ಸ್ಟಾಂಟನ್ ಮಾದರಿಯ ಕಾಯಿಗಳೇ ಬೇಕು, ರಾಜ ಸುಮಾರು ಒಂಬತ್ತೂವರೆ ಸೆಂಟಿಮೀಟರ್ ಎತ್ತರದವನು. ಅಜ್ಜನ ಸೈನ್ಯ ಮನೆಯಲ್ಲಿರಲಿ. ತಿಂಗಳೊಪ್ಪತ್ತು ಹೊಸ ನಿಯಮದಲ್ಲೇ ಆಡಿ ಕೈ ಪಳಗಿದ ಮೇಲೆ, ರವಿವಾರ ಅಜ್ಜನ ಜೊತೆ ಅವರ ನಿಯಮದಲ್ಲೂ ಒಂದಾಟ ಹಾಕಬಹುದು. ಕಾಯಿ ಜೋಡಿಸುವ ಮೊದಲೇ ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಬೇಕಾದದ್ದು ಮೂರು: ಪ್ಯಾದೆ ಒಂದು ಮನೆಯೋ ಎರಡೋ, ರಾಜ ನೆಗೆಯುತ್ತಾನೋ ಇಲ್ಲವೋ, ದಡ ಮುಟ್ಟಿದ ಪ್ಯಾದೆ ಏನಾಗುತ್ತದೆ.